ಅಪ್ಪನ ಕಂಡೆನ್ಸರ್ ಪ್ರಶ್ನೆ

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ನಮ್ಮಪ್ಪನಿಗೆ ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಒಂದು ಸಂಜೆ ಸೀಲಿಂಗ್ ಫ್ಯಾನ್ ರಿಪೇರಿ ಮಾಡುತ್ತಾ ಕೇಳಿದರು: ‘ಇಪ್ಪತ್ತು ವರ್ಷದಿಂದ ಈ ಕಂಡೆನ್ಸರ್ ಹಾಕ್ತಾ ಇದ್ದೀನಿ. ಇದಿಲ್ಲದೆ ಫ್ಯಾನ್ ಯಾಕೆ ಹೊರಡಲ್ಲ ಮಗಳೇ?’

ನಾನು ಬಿಇ ಎಲೆಕ್ಟ್ರಿಕಲ್ ವಿದ್ಯಾರ್ಥಿನಿ. ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ಹತ್ತಕ್ಕೆ ಒಂಬತ್ತು ಅಂಕ ಪಡೆದವಳು. ಆದರೆ ಅಪ್ಪನೆದುರು ಬಾಯಿ ಕಟ್ಟಿತು. ‘ಫೇಸ್ ಡಿಫರೆನ್ಸ್’ ಎಂದು ತಡವರಿಸಿದೆ. ‘ಹೋಗ್ಲಿ ಬಿಡು’ ಅಂದರು. ನನ್ನ ಫೀಸು ಕಟ್ಟುತ್ತಿರುವುದೇ ಆ ಫ್ಯಾನುಗಳ ದುಡ್ಡಿನಿಂದ. ರಾತ್ರಿ ನಿದ್ದೆ ಬರಲಿಲ್ಲ.

ಕಾಲೇಜಿನ ಭಿತ್ತಿಪತ್ರಿಕೆಗೆ ಅದನ್ನೇ ಕನ್ನಡದಲ್ಲಿ ಬರೆದೆ. ‘ಧಾರಕ’, ‘ಪ್ರಾವಸ್ಥಾ ವ್ಯತ್ಯಾಸ’ ಎಂದೆಲ್ಲ ತುಂಬಿಸಿದ್ದೆ. ಓದಿದ ಅಪ್ಪ, ‘ಇದಕ್ಕಿಂತ ನಿನ್ನ ಇಂಗ್ಲಿಷೇ ವಾಸಿ’ ಎಂದು ನಕ್ಕರು.

ಲೈಬ್ರರಿಯಲ್ಲಿ ಜೆ.ಆರ್. ಲಕ್ಷ್ಮಣರಾವ್, ಜಿ.ಟಿ. ನಾರಾಯಣರಾವ್ ಅವರ ಪುಸ್ತಕಗಳನ್ನು ಹುಡುಕಿದೆ. ಒಬ್ಬರು ರಸಾಯನ ವಿಜ್ಞಾನದ ಮೇಷ್ಟ್ರು, ಇನ್ನೊಬ್ಬರು ಗಣಿತದ ಮೇಷ್ಟ್ರು. ಇಬ್ಬರೂ ನಮ್ಮ ಮೈಸೂರಿನಲ್ಲೇ ಬಾಳಿ, ಪರಮಾಣುವನ್ನೂ ನಕ್ಷತ್ರವನ್ನೂ ಕನ್ನಡಕ್ಕೆ ತಂದವರು. ಅದಕ್ಕೂ ಹಿಂದೆ, 1918ರಲ್ಲೇ, ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ‘ವಿಜ್ಞಾನ’ ಎಂಬ ಮಾಸಪತ್ರಿಕೆ ಶುರು ಮಾಡಿದ್ದರಂತೆ. ಶತಮಾನದ ಹಿಂದೆ ಅವರಿಗೆ ಸಾಧ್ಯವಾದದ್ದು ನನಗೇಕೆ ಆಗದು?

ಮತ್ತೆ ಕುಳಿತೆ. ಈ ಸಲ ಸೈಕಲ್ ನೆನಪಾಯಿತು. ಪೆಡಲ್ ನೆಟ್ಟಗೆ ಮೇಲಿರುವಾಗ ಎಷ್ಟೇ ತುಳಿದರೂ ಸೈಕಲ್ ಹೊರಡುವುದಿಲ್ಲ. ಪಕ್ಕದಿಂದ ಒಂದು ತಳ್ಳು ಬೇಕು. ಮನೆಯ ಕರೆಂಟು ಫ್ಯಾನಿನ ಒಂದು ವೈಂಡಿಂಗಿನಲ್ಲಿ ಮಾತ್ರ ಹರಿದರೆ ಅದರ ಕಾಂತಬಲ ಒಂದೇ ಗೆರೆಯಲ್ಲಿ ಹಿಂದೆ ಮುಂದೆ ಆಡುತ್ತದೆ. ಯಾವ ಕಡೆ ತಿರುಗಬೇಕೆಂದು ಫ್ಯಾನಿಗೆ ತಿಳಿಯದು. ಕಂಡೆನ್ಸರ್ ಎರಡನೆಯ ವೈಂಡಿಂಗಿನ ಕರೆಂಟನ್ನು ಸ್ವಲ್ಪ ಬೇರೆ ಹೊತ್ತಿಗೆ ಏರಿಳಿಯುವಂತೆ ಮಾಡುತ್ತದೆ. ಅದೇ ಆ ಪಕ್ಕದ ತಳ್ಳು!

ಅಪ್ಪ ಎರಡು ಸಲ ಓದಿದರು. ‘ಹಾಗಾದ್ರೆ ಕಂಡೆನ್ಸರ್ ಹೋದಾಗ ಕೋಲಲ್ಲಿ ತಳ್ಳಿದ್ರೆ, ತಳ್ಳಿದ ಕಡೆಗೇ ತಿರುಗುತ್ತಲ್ಲ, ಅದೂ ಇದಕ್ಕೇನಾ?’

ಹೌದು, ಅದಕ್ಕೇ. ಆದರೆ ಅದು ನನ್ನ ಬರಹದಲ್ಲಿ ಇರಲಿಲ್ಲ. ಆ ಸಾಲನ್ನು ಅಪ್ಪನಿಂದಲೇ ಕೇಳಿ ಸೇರಿಸಿಕೊಂಡೆ.

ಸ್ನೇಹಿತರೇ, ನಾಳೆ ಇಂಟರ್‌ವ್ಯೂನಲ್ಲಿ ‘ವಿವರಿಸಿ’ ಎಂದಾಗ ಬಾಯಿಪಾಠ ಕೈಕೊಡಬಹುದು. ಓದಿದ್ದನ್ನು ಮನೆಯವರಿಗೆ ಮನೆಯ ಮಾತಿನಲ್ಲಿ ಒಮ್ಮೆ ಹೇಳಿ ನೋಡಿ. ಎಲ್ಲಿ ತಡವರಿಸುತ್ತೀರೋ ಅಲ್ಲಿ ನಿಮಗೇ ಅರ್ಥವಾಗಿಲ್ಲ ಎಂದು ತಿಳಿಯಿರಿ.

ಅಪ್ಪನ ಮುಂದಿನ ಪ್ರಶ್ನೆ ಬಂದಾಗಿದೆ: ‘ಮಿಕ್ಸಿಗೆ ಕಂಡೆನ್ಸರ್ ಇಲ್ದೇನೂ ತಿರುಗುತ್ತಲ್ಲ, ಹೇಗೆ?’ ಬರೆಯುತ್ತಿದ್ದೇನೆ.