ಕೈಸನ್ನೆಯಲ್ಲಿ ಇಡುವ ಹೆಸರು

ನಮ್ಮ ಮನೆಗಳಲ್ಲಿ ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆಯು ಶಿಶುವಿನ ಕಿವಿಯಲ್ಲಿ ಹೆಸರನ್ನು ಉಸುರುವ ವಾಡಿಕೆಯುಂಟು. ಆ ಕಿವಿಯೇ ಕೇಳದಿದ್ದರೆ ಹೆಸರು ಶಿಶುವನ್ನು ತಲುಪುವುದೆಂತು? ಸನ್ನೆ ಭಾಷೆಯನ್ನಾಡುವ ಕಿವುಡರ ಸಮುದಾಯಗಳು ಇದಕ್ಕೆ ಬಹು ಹಿಂದೆಯೇ ಉತ್ತರ ಕಂಡುಕೊಂಡಿವೆ. ಅಲ್ಲಿ ಪ್ರತಿಯೊಬ್ಬರಿಗೂ ಕೈಯಿಂದ ತೋರುವ ಒಂದು ಹೆಸರಿರುತ್ತದೆ.

1785ರಲ್ಲಿ ಫ್ರಾನ್ಸಿನಲ್ಲಿ ಜನಿಸಿದ ಲಾರೆಂಟ್ ಕ್ಲರ್ಕ್ ಎಂಬವರು ಹಸುಳೆಯಾಗಿದ್ದಾಗ ಬೆಂಕಿಗೆ ಬಿದ್ದರು. ಬಲಗೆನ್ನೆಯಲ್ಲಿ ಕಲೆ ಉಳಿಯಿತು. ಹನ್ನೆರಡನೆಯ ವಯಸ್ಸಿನಲ್ಲಿ ಅವರು ಪ್ಯಾರಿಸ್ಸಿನ ಕಿವುಡರ ಶಾಲೆಯನ್ನು ಸೇರಿದರು. ಎರಡು ಬೆರಳುಗಳನ್ನು ಜೋಡಿಸಿ ಕೆನ್ನೆಯ ಮೇಲೆ ಸವರಿದರೆ ಸಾಕು, ಅದು ಕ್ಲರ್ಕ್ ಎಂದೇ ಅರ್ಥ! 1816ರಲ್ಲಿ ಅವರು ಥಾಮಸ್ ಗ್ಯಾಲಡೆಟ್ ಅವರೊಡನೆ ಅಮೆರಿಕೆಗೆ ತೆರಳಿ, ಮರುವರ್ಷ ಹಾರ್ಟ್‌ಫರ್ಡ್ ನಗರದಲ್ಲಿ ಶಾಲೆಯನ್ನು ತೆರೆಯಲು ನೆರವಾದರು. ಗ್ಯಾಲಡೆಟ್ ಅವರಿಗೆ ಕಿವಿ ಕೇಳುತ್ತಿತ್ತು. ಅವರಿಗೂ ಸನ್ನೆಯ ಹೆಸರು ದೊರೆಯಿತು. ಕಣ್ಣಿನ ಅಂಚಿನಲ್ಲಿ ಬೆರಳಾಡಿಸಿ ಕನ್ನಡಕದ ಕಡ್ಡಿಯನ್ನು ತೋರುವ ಸನ್ನೆ ಅದು. ವಾಷಿಂಗ್ಟನ್ನಿನಲ್ಲಿ ಅವರ ಹೆಸರನ್ನು ಹೊತ್ತಿರುವ ಕಿವುಡರ ವಿಶ್ವವಿದ್ಯಾಲಯವನ್ನು ಇಂದಿಗೂ ಅದೇ ಸನ್ನೆಯಿಂದ ಸೂಚಿಸುತ್ತಾರೆ.

ಕಲೆಯನ್ನೇ ಹೆಸರಾಗಿಸುವುದು ಅಪಹಾಸ್ಯವಲ್ಲವೇ ಎಂದು ವಾಚಕರು ಕೇಳಬಹುದು. ನಮ್ಮ ಹಳ್ಳಿಗಳಲ್ಲಿ 'ಕುಂಟ', 'ಮೂಗ' ಎಂದು ಕೂಗುವ ದುರಭ್ಯಾಸವನ್ನು ಕಂಡವರಿಗೆ ಈ ಶಂಕೆ ಸಹಜವೇ. ಆದರೆ ಕಣ್ಣಿನಿಂದಲೇ ಲೋಕವನ್ನು ಅರಿಯುವವರಿಗೆ ಮೊದಲು ಕಾಣುವುದೇ ಮೊದಲು ನೆನಪಿನಲ್ಲಿ ನಿಲ್ಲುತ್ತದೆ. ಅದರಲ್ಲಿ ಹೀನಾಯವೇನೂ ಇಲ್ಲವೆಂದೇ ನಮ್ಮ ಅಭಿಪ್ರಾಯ. ಅಲ್ಲದೆ ಎಲ್ಲ ಹೆಸರುಗಳೂ ರೂಪವರ್ಣನೆಗಳಲ್ಲ. ಅಮೆರಿಕೆಯ ಕಿವುಡ ಕುಟುಂಬಗಳಲ್ಲಿ ಹೆಸರಿನ ಮೊದಲಕ್ಷರವನ್ನು ಬೆರಳಿನಿಂದ ರೂಪಿಸಿ ಗಲ್ಲಕ್ಕೋ ಎದೆಗೋ ತಾಗಿಸುವ ಪದ್ಧತಿಯೂ ಉಂಟು. ಅದಕ್ಕೆ ಬೇರೆ ಅರ್ಥವಿರುವುದಿಲ್ಲ. ಒಡಹುಟ್ಟಿದವರೆಲ್ಲರ ಹೆಸರನ್ನು ಒಂದೇ ಜಾಗದಲ್ಲಿ ತೋರುವುದುಂಟಾದುದರಿಂದ, ಕಂಡೊಡನೆ ಇವರು ಒಂದೇ ಮನೆಯ ಮಕ್ಕಳೆಂದು ತಿಳಿಯುತ್ತದೆ.

ಈ ಹೆಸರನ್ನು ತನಗೆ ತಾನೇ ಇಟ್ಟುಕೊಳ್ಳುವಂತಿಲ್ಲ. ಸನ್ನೆ ಭಾಷೆ ಕಲಿಯಲು ಬಂದ ಕೇಳುವವರೂ ಕಾಯಬೇಕು. ಬೆರೆತು ಬಾಳಿದ ಮೇಲೆ ಕಿವುಡರೇ ನೀಡುತ್ತಾರೆ. ಕಿವುಡ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಗಿಲಾದವರು ಕೇಳುವ ತಂದೆತಾಯಿಗಳಿಗೆ ಜನಿಸಿದವರು. ಆದಕಾರಣ ಅನೇಕ ಮಕ್ಕಳಿಗೆ ಸನ್ನೆಯ ಹೆಸರು ಮನೆಯಲ್ಲಿ ದೊರೆಯದೆ, ಶಾಲೆಯಲ್ಲಿ ಸಹಪಾಠಿಗಳಿಂದ ದೊರೆಯುತ್ತದೆ. ಅಂಥ ಮಗು ರಜೆಗೆ ಮನೆಗೆ ಬಂದಾಗ ತಾಯಿ ಆ ಸನ್ನೆಯನ್ನು ಕೇಳಿ ಕಲಿಯಲಿ. ಕರೆಯುವುದಕ್ಕೆ ಭುಜ ತಟ್ಟಿದರೂ ಕೈ ಬೀಸಿದರೂ ಸಾಕು. ಮನೆಮಂದಿ ಅದರ ವಿಷಯವನ್ನು ತಮ್ಮತಮ್ಮಲ್ಲಿ ಆಡುವಾಗಲೇ ಆ ಹೆಸರು ಬೇಕಾಗುವುದು, ಮಗುವಿಗೂ ತಿಳಿಯುವಂತೆ.