ಕನ್ನಡ ಬಲ್ಲ ಇಂಗ್ಲಿಷ್ ಅಧ್ಯಾಪಕರು ಬರೆಯಬೇಕಾದ ಲೇಖನ

ಬ್ರಿಟನ್ನಿನಲ್ಲಿ ವೃತ್ತಿ ಮಾಡಬಯಸುವ ಭಾರತೀಯ ವೈದ್ಯರು ಮೊದಲು ದಾಟಬೇಕಾದ ಹೊಸ್ತಿಲು ಇಂಗ್ಲಿಷ್ ಪರೀಕ್ಷೆ. ಐಇಎಲ್‌ಟಿಎಸ್ ಆದರೆ ಒಟ್ಟು ಅಂಕ 7.5 ಇರಬೇಕು, ನಾಲ್ಕು ವಿಭಾಗಗಳಲ್ಲಿ ಯಾವುದರಲ್ಲಿಯೂ 7ಕ್ಕಿಂತ ಕಡಿಮೆಯಾಗಬಾರದು. ಒಇಟಿ ಆದರೆ ನಾಲ್ಕರಲ್ಲಿಯೂ ಬಿ ಶ್ರೇಣಿ ಬೇಕು. ಆರೋಗ್ಯ ಕ್ಷೇತ್ರದವರಿಗೆಂದೇ ಆಸ್ಟ್ರೇಲಿಯಾದಲ್ಲಿ ರೂಪುಗೊಂಡ ಈ ಎರಡನೆಯ ಪರೀಕ್ಷೆಯನ್ನು ಇಲ್ಲಿನ ಜನರಲ್ ಮೆಡಿಕಲ್ ಕೌನ್ಸಿಲ್ 2018ರಿಂದ ಮಾನ್ಯ ಮಾಡಿದೆ. ಊರಿನಿಂದ ಬರುವ ಕರೆಗಳಲ್ಲಿ ಬಂಧುಗಳು ವಿಚಾರಿಸುವುದೆಲ್ಲ ಈ ಅಂಕಗಳ ಬಗೆಗೇ. ಅಂಕ ಪಡೆದು ವಿಮಾನವೇರಿ ಬಂದವರಿಗೆ ವಾರ್ಡಿನಲ್ಲಿ ಎದುರಾಗುವ ಇಂಗ್ಲಿಷು ಬೇರೆಯದೇ ಆಗಿರುತ್ತದೆ. ಅದನ್ನು ಯಾರು ಕಲಿಸಬಲ್ಲರು, ಕಲಿಸಿದ್ದನ್ನು ಎಲ್ಲಿ ಬರೆಯಬೇಕು ಎಂಬುದನ್ನು ಯಾರೂ ಕೇಳುವುದಿಲ್ಲ.

ಒಂದೇ ಪದದ ಉದಾಹರಣೆ ಕೊಡುತ್ತೇನೆ. ‘ಸಿಕ್’ ಎಂದರೆ ನಮಗೆ ಕಾಯಿಲೆ, ಮೈ ಸರಿಯಿಲ್ಲದಿರುವುದು. ಇಲ್ಲಿನ ರೋಗಿ ‘ಐ ವಾಸ್ ಸಿಕ್ ಟ್ವೈಸ್’ ಎಂದರೆ ಎರಡು ಸಲ ವಾಂತಿಯಾಯಿತು ಎಂದರ್ಥ. ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡು ಬಂದ ವಯಸ್ಕರೊಬ್ಬರು ಹಾಗೆಂದರೆ ಒಂದು ಗಂಟೆಯೊಳಗೆ ತಲೆಯ ಸಿಟಿ ಸ್ಕ್ಯಾನ್ ಆಗಬೇಕೆಂದು ಇಲ್ಲಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಅದನ್ನು ‘ಎರಡು ಸಲ ಹುಷಾರು ತಪ್ಪಿತ್ತು’ ಎಂದು ಅರ್ಥಮಾಡಿಕೊಂಡ ವೈದ್ಯರು ಮಾತ್ರೆ ಕೊಟ್ಟು ಮನೆಗೆ ಕಳುಹಿಸಿಯಾರು. ಇಂಗ್ಲಿಷಿನಲ್ಲಿ ಎಂಟೂವರೆ ಅಂಕ ಪಡೆದವರಿಗೂ ಈ ಅಪಾಯ ತಪ್ಪಿದ್ದಲ್ಲ.

ಇನ್ನೊಂದು ಕಷ್ಟ ಇದಕ್ಕಿಂತ ಸೂಕ್ಷ್ಮವಾದದ್ದು. ‘ಕೂತ್ಕೊಳ್ಳಿ’, ‘ಕೈ ತೋರಿಸಿ’, ‘ಹೇಳಿ’ ಎಂದು ನಾವು ಹಾಸನದಲ್ಲಿಯೋ ದಾವಣಗೆರೆಯಲ್ಲಿಯೋ ರೋಗಿಗೆ ಹೇಳಿದಾಗ ಅದರಲ್ಲಿ ಅಗೌರವದ ಲವಲೇಶವೂ ಇರುವುದಿಲ್ಲ. ಕ್ರಿಯಾಪದದ ತುದಿಯ ಇಕಾರವೇ ಮರ್ಯಾದೆಯನ್ನು ಹೊತ್ತು ನಿಂತಿರುತ್ತದೆ. ಅದೇ ಮಾತು ‘ಸಿಟ್’, ‘ಶೋ ಯುವರ್ ಹ್ಯಾಂಡ್’, ‘ಟೆಲ್ ಮಿ’ ಎಂದಾಗುವಾಗ ಆ ಇಕಾರ ದಾರಿಯಲ್ಲಿ ಉದುರಿಹೋಗಿ ಬರಿಯ ಆಜ್ಞೆ ಉಳಿಯುತ್ತದೆ. ‘ಪ್ಲೀಸ್’ ಸೇರಿಸಿದರೂ ಪೂರ್ತಿ ಸರಿಹೋಗದು. ಇಂಗ್ಲಿಷು ತನ್ನ ಮರ್ಯಾದೆಯನ್ನು ವಾಕ್ಯದ ಆರಂಭದಲ್ಲಿ, ‘ವುಡ್ ಯು ಲೈಕ್ ಟು’, ‘ಕುಡ್ ಐ ಹ್ಯಾವ್ ಎ ಲುಕ್’ ಎಂಬ ಪ್ರಶ್ನೆಯ ರೂಪದಲ್ಲಿ ಇಟ್ಟುಕೊಂಡಿದೆ. ‘ಏನು ತೊಂದರೆ?’ ಎಂಬ ನಮ್ಮ ಅಕ್ಕರೆಯ ಮಾತನ್ನು ‘ವಾಟ್ ಈಸ್ ಯುವರ್ ಪ್ರಾಬ್ಲಮ್?’ ಎಂದು ಕೇಳಿದರೆ ಜಗಳಕ್ಕೆ ಕರೆದಂತೆಯೇ ಸರಿ. ಮೃದು ಸ್ವಭಾವದ ಕಿರಿಯ ವೈದ್ಯರ ಮೇಲೆ ‘ಒರಟಾಗಿ ನಡೆದುಕೊಂಡರು’ ಎಂಬ ದೂರು ಬಂದು, ಅದು ಏಕೆ ಬಂದಿತೆಂದು ಅವರಿಗಾಗಲಿ ಮೇಲಿನವರಿಗಾಗಲಿ ತಿಳಿಯದೆ ಕಣ್ಣೀರಿಟ್ಟದ್ದನ್ನು ನಾನು ನೋಡಿದ್ದೇನೆ.

ಇಂಗ್ಲಿಷ್ ಮಾತೃಭಾಷೆಯ ಶಿಕ್ಷಕರಿಗೆ ಇಲ್ಲಿ ಕೇಳಿಸುವುದು ಒರಟುತನ ಮಾತ್ರ. ಅದು ಎಲ್ಲಿಂದ ಬಂದಿತೆಂದು ಹೇಳಬಲ್ಲವರು ಎರಡೂ ಭಾಷೆಗಳನ್ನು ಬಲ್ಲ ನಮ್ಮ ಅಧ್ಯಾಪಕರು. ಆದರೆ ಅವರು ಬರೆಯುವುದಿಲ್ಲ. ‘ಇಂಗ್ಲಿಷಿನವರಿಗೆ ಇಂಗ್ಲಿಷ್ ಕಲಿಸುವ ವಿಚಾರವನ್ನು ನಾವೇನು ಬರೆಯುವುದು?’ ಎಂಬ ಸಂಕೋಚ.

ಈ ಸಂಕೋಚ ಅನಗತ್ಯ. ಇಂಗ್ಲಿಷನ್ನು ಪರಭಾಷೆಯಾಗಿ ಬೋಧಿಸುವವರ ಅಂತರರಾಷ್ಟ್ರೀಯ ಸಂಘವಾದ ಐಯಾಟೆಫಲ್ 1967ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾಯಿತು. ಉಚ್ಚಾರಣೆ, ಪರೀಕ್ಷೆ, ವೃತ್ತಿಪರ ಇಂಗ್ಲಿಷ್ ಎಂದು ಅದರಲ್ಲಿ ಹಲವು ಆಸಕ್ತಿ ಗುಂಪುಗಳಿವೆ. ಇಂತಹ ಗುಂಪುಗಳು ಸದಸ್ಯರಿಗಾಗಿ ವಾರ್ತಾಪತ್ರಗಳನ್ನು ಹೊರತರುತ್ತವೆ. ಅಮೆರಿಕದಲ್ಲಿ ಟೀಸಾಲ್, ನಮ್ಮಲ್ಲಿ ಚೆನ್ನೈ ಕೇಂದ್ರವಾಗಿರುವ ಎಲ್ಟಾಯ್ ಇವೆ. ವಾರ್ತಾಪತ್ರ ಸಂಶೋಧನಾ ನಿಯತಕಾಲಿಕವಲ್ಲ. ಅಲ್ಲಿ ಸಿದ್ಧಾಂತಕ್ಕಿಂತ ತರಗತಿ ಮುಖ್ಯ. ‘ಈ ತೊಡಕು ಕಂಡಿತು, ಹೀಗೆ ಮಾಡಿದೆ, ಇಷ್ಟು ಫಲಿಸಿತು, ಇಷ್ಟು ಫಲಿಸಲಿಲ್ಲ’ ಎಂದು ಸಾವಿರದ ಆಸುಪಾಸಿನ ಪದಗಳಲ್ಲಿ ಹೇಳಿದರೆ ಸಾಕು. ಸಂಪಾದಕರು ಬಹುಪಾಲು ಸ್ವಯಂಸೇವಕರಾದ ಶಿಕ್ಷಕರೇ.

ನನ್ನ ಪರಿಚಯದ ಶಿಕ್ಷಕಿಯೊಬ್ಬರು ಊರಿನ ಪದವಿಪೂರ್ವ ಕಾಲೇಜಿನಲ್ಲಿ ಹನ್ನೊಂದು ವರ್ಷ ಇಂಗ್ಲಿಷ್ ಕಲಿಸಿ, ವೈದ್ಯ ಪತಿಯೊಡನೆ ಇಲ್ಲಿಗೆ ಬಂದವರು. ಬಂದ ಮೇಲೆ ಆ ಅನುಭವಕ್ಕೆ ಬೆಲೆಯೇ ಇಲ್ಲದಂತಾಗಿ, ಮನೆಯಲ್ಲಿ ಮೌನವಾಗಿದ್ದರು. ಹೊಸದಾಗಿ ಬಂದ ವೈದ್ಯರಿಗೆ ಸಂಜೆ ಹೊತ್ತು ಸಂಭಾಷಣೆ ಕಲಿಸಲು ಒಪ್ಪಿಕೊಂಡ ಅವರು ಒಂದು ಸರಳ ಅಭ್ಯಾಸ ರೂಪಿಸಿದರು. ‘ಬಾಯಿ ತೆರೆಯಲು ಅಜ್ಜಿಗೆ ಹೇಗೆ ಹೇಳುವಿರಿ, ಮೊಮ್ಮಗುವಿಗೆ ಹೇಗೆ ಹೇಳುವಿರಿ, ಕನ್ನಡದಲ್ಲಿಯೇ ಬರೆಯಿರಿ. ಮರ್ಯಾದೆ ಯಾವ ಅಕ್ಷರದಲ್ಲಿದೆಯೋ ಅದಕ್ಕೆ ಗೆರೆ ಎಳೆಯಿರಿ. ಈಗ ಇಂಗ್ಲಿಷಿನಲ್ಲಿ ಆ ಗೆರೆ ಎಲ್ಲಿ ಬರಬೇಕು ಹೇಳಿ.’ ತೆಲುಗು, ತಮಿಳು ವೈದ್ಯರೂ ತಮ್ಮ ತಮ್ಮ ಭಾಷೆಯಲ್ಲಿ ಗೆರೆ ಎಳೆದರು.

ಇದನ್ನೇ ಬರೆದು ಕಳುಹಿಸಿರೆಂದು ನಾನು ಪೀಡಿಸಿದೆ. ಅವರ ಮೊದಲ ಕರಡು ಮೆಕಾಲೆಯಿಂದ ಆರಂಭವಾಗಿತ್ತು. ನಮ್ಮವರಿಗೆ ಈ ಮೆಕಾಲೆಯ ಮೋಹ ಬಿಡದು! ಸಂಪಾದಕರು ಆ ಎರಡು ಪುಟಗಳನ್ನು ವಿನಯದಿಂದ ತೆಗೆದುಹಾಕಿ, ತರಗತಿಯಲ್ಲಿ ಎಷ್ಟು ಜನರಿದ್ದರು, ಎಷ್ಟು ಹೊತ್ತು ಹಿಡಿಯಿತು, ಯಾರಿಗೆ ಅರ್ಥವಾಗಲಿಲ್ಲ ಎಂದು ಕೇಳಿದರು. ಕಲಿಯುವವರ ಮಾತನ್ನು ಉದ್ಧರಿಸಲು ಅವರ ಒಪ್ಪಿಗೆ ಪಡೆಯಲು ತಿಳಿಸಿದರು. ವೈದ್ಯನಾದ ನನಗೆ ಇದು ಹೊಸದೇನಲ್ಲ, ರೋಗಿಯ ಕಥೆ ಹೇಳುವಾಗಲೂ ಇದೇ ನಿಯಮ.

ಕಳುಹಿಸುವ ಮುನ್ನ ಹಿಂದಿನ ಎರಡು ಮೂರು ಸಂಚಿಕೆಗಳನ್ನು ಓದುವುದು, ಒಂದೇ ಲೇಖನವನ್ನು ಎರಡು ಕಡೆಗೆ ಕಳುಹಿಸದಿರುವುದು, ಪದಮಿತಿ ಮತ್ತು ಕೊನೆಯ ದಿನಾಂಕವನ್ನು ಪಾಲಿಸುವುದು ಎಲ್ಲರಿಗೂ ತಿಳಿದ ಸಂಗತಿ. ತಿಳಿದಿರಲೇಬೇಕಾದ ಇನ್ನೊಂದಿದೆ. ಊರಿನ ಕಾಲೇಜು ಅಧ್ಯಾಪಕರಿಗೆ ಬಡ್ತಿಗಾಗಿ ಪ್ರಕಟಣೆ ಬೇಕು. ಆ ಅನಿವಾರ್ಯವನ್ನು ಬಂಡವಾಳ ಮಾಡಿಕೊಂಡು, ಹಣ ಪಡೆದು ಏನನ್ನಾದರೂ ಅಚ್ಚು ಹಾಕುವ ‘ಅಂತರರಾಷ್ಟ್ರೀಯ’ ನಿಯತಕಾಲಿಕಗಳು ಹುಟ್ಟಿಕೊಂಡಿವೆ. 2018ರಲ್ಲಿ ಯುಜಿಸಿ ತನ್ನ ಪಟ್ಟಿಯಿಂದ 4,000ಕ್ಕೂ ಹೆಚ್ಚು ನಿಯತಕಾಲಿಕಗಳನ್ನು ಒಮ್ಮೆಗೇ ಕೈಬಿಟ್ಟಿತು. ಅಧ್ಯಾಪಕ ಸಂಘದ ವಾರ್ತಾಪತ್ರ ಪ್ರಕಟಿಸಲು ಹಣ ಕೇಳುವುದಿಲ್ಲ. ಸಂಭಾವನೆ ಕೊಡುವುದೂ ಅಪರೂಪ. ಬಡ್ತಿಯ ಲೆಕ್ಕಕ್ಕೆ ಅದು ಬಾರದೆಯೂ ಇರಬಹುದು. ವಲಸೆ ಬರುವವರಿಗೂ ಹೇಳಬೇಕು: ಒಂದು ಲೇಖನದಿಂದ ಇಲ್ಲಿ ನೌಕರಿ ದೊರೆಯುವುದಿಲ್ಲ. ವಯಸ್ಕರಿಗೆ ಇಂಗ್ಲಿಷ್ ಕಲಿಸಲು ಸಾಮಾನ್ಯವಾಗಿ ಸೆಲ್ಟಾದಂತಹ ಅರ್ಹತಾಪತ್ರವನ್ನು ಕೇಳುತ್ತಾರೆ.

ಆ ಶಿಕ್ಷಕಿಗೂ ನೌಕರಿ ಬಂದದ್ದು ಸೆಲ್ಟಾ ಮುಗಿಸಿದ ಮೇಲೆಯೇ. ಆದರೆ ಲೇಖನ ಪ್ರಕಟವಾದ ತಿಂಗಳೊಳಗೆ ತುರ್ಕಿಯ ಶಿಕ್ಷಕರೊಬ್ಬರು ಅವರಿಗೆ ಪತ್ರ ಬರೆದರು. ತಮ್ಮ ಭಾಷೆಯಲ್ಲಿಯೂ ಮರ್ಯಾದೆ ಕ್ರಿಯಾಪದದ ತುದಿಯಲ್ಲಿಯೇ ಇದೆ, ತಮ್ಮ ದಾದಿಯರಿಗೂ ಇದೇ ಪಾಡು ಎಂದು. ಈಗ ಇಬ್ಬರೂ ಸೇರಿ ಎರಡನೆಯ ಲೇಖನ ಸಿದ್ಧಪಡಿಸುತ್ತಿದ್ದಾರೆ.