ಲಾರಿಯಲ್ಲಿ ಬರುವ ಮನೆಗೆ ಬ್ಯಾಂಕಿನ ಸಾಲ

ಮಕ್ಕಳ ವಿದ್ಯಾಭ್ಯಾಸ, ನೌಕರಿ, ಹಿರಿಯರ ಆಸ್ಪತ್ರೆಯ ಓಡಾಟ, ಹೀಗೆ ಒಂದಲ್ಲ ಒಂದು ಕಾರಣಕ್ಕೆ ಬೆಂಗಳೂರಿನಲ್ಲೊಂದು ಸೂರು ಬೇಕೆನ್ನುವ ಬೆಳೆಗಾರ ಬಂಧುಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ತಂದೆಯ ಕಾಲದಲ್ಲಿಯೇ ಮಂಜೂರಾದ ಮೂವತ್ತು-ನಲವತ್ತರ ನಿವೇಶನ ಕೆಲವರಿಗಿದೆ. ಅಲ್ಲಿ ಹೋಗಿ ನಿಂತು ಮೇಸ್ತ್ರಿ, ಗಾರೆಯವರು, ಸಿಮೆಂಟು, ಮರಳು ಎಂದು ವರ್ಷಗಟ್ಟಲೆ ಹೆಣಗಲು ತೋಟ ಬಿಟ್ಟು ಬರಲಾಗದವರಿಗೆ ಈಗ ಕಾರ್ಖಾನೆಯಲ್ಲಿ ತಯಾರಾದ ಮನೆ ಆಕರ್ಷಕವಾಗಿ ಕಾಣುವುದು ಸಹಜ. ಗೋಡೆ, ಚಾವಣಿ, ಕಿಟಕಿ ಎಲ್ಲವೂ ಲಾರಿಯಲ್ಲಿ ಬರುತ್ತವೆ. ಕೆಲವೇ ವಾರಗಳಲ್ಲಿ ಜೋಡಿಸಿ ಬೀಗದ ಕೈ ಕೊಡುತ್ತೇವೆ ಎನ್ನುತ್ತಾರೆ.

ಇದು ತೀರಾ ಹೊಸ ವಿಷಯವೂ ಅಲ್ಲ. ದೆಹಲಿಯಲ್ಲಿ 1950ರ ದಶಕದಲ್ಲಿಯೇ ಹಿಂದೂಸ್ತಾನ್ ಹೌಸಿಂಗ್ ಫ್ಯಾಕ್ಟರಿ ಎಂಬ ಸರ್ಕಾರಿ ಸಂಸ್ಥೆಯಿತ್ತು. ಚೆನ್ನೈಯಲ್ಲಿ ಕೇಂದ್ರ ಸರ್ಕಾರದ ಯೋಜನೆಯೊಂದರಲ್ಲಿ, ಮೊದಲೇ ಎರಕ ಹೊಯ್ದ ಕಾಂಕ್ರೀಟ್ ಭಾಗಗಳನ್ನು ಜೋಡಿಸಿ ಕಟ್ಟಿದ 1152 ಮನೆಗಳು 2022ರಲ್ಲಿ ಸಿದ್ಧವಾದವು. ನಮ್ಮ ಬೆಂಗಳೂರಿನ ಕೇಂಬ್ರಿಡ್ಜ್ ಬಡಾವಣೆಯ ಅಂಚೆ ಕಚೇರಿಯ ಗೋಡೆಗಳನ್ನಂತೂ ಯಂತ್ರವೇ ಪದರ ಪದರವಾಗಿ ಎರೆಯಿತು. 2023ರಲ್ಲಿ ಉದ್ಘಾಟನೆಯಾದ ಆ 1021 ಚದರ ಅಡಿಯ ಕಟ್ಟಡಕ್ಕೆ ಹಿಡಿದ ಕಾಲ ಸುಮಾರು ಒಂದೂವರೆ ತಿಂಗಳು. ಮನೆ ನಿಲ್ಲುವುದೋ ಇಲ್ಲವೋ ಎಂಬ ಸಂಶಯಕ್ಕೆ ಈಗ ಹೆಚ್ಚು ಕಾರಣವಿಲ್ಲ. ತೊಡಕಿರುವುದು ಸಾಲದಲ್ಲಿ.

ನಮ್ಮ ಸದಸ್ಯರೊಬ್ಬರ ಅನುಭವವನ್ನೇ ಹೇಳುತ್ತೇನೆ. ನಾಲ್ಕು ಎಕರೆ ರೊಬಸ್ಟಾ, ಒಂದೂವರೆ ಎಕರೆ ಅಡಿಕೆಯ ಸಂಸಾರ. ಮಗಳಿಗೆ ಬೆಂಗಳೂರಿನಲ್ಲಿ ಕೆಲಸ, ಜೆ.ಪಿ. ನಗರದಲ್ಲಿ ತಂದೆಯವರು ಬಿಟ್ಟುಹೋದ ನಿವೇಶನ. ಕಾರ್ಖಾನೆಯೊಂದಕ್ಕೆ ಹೋಗಿ ಮಾದರಿ ಮನೆ ನೋಡಿದರು, ಒಪ್ಪಿದರು. ಕಾರ್ಖಾನೆಯವರ ಷರತ್ತು ಹೀಗಿತ್ತು: ಆರ್ಡರಿನ ಜೊತೆ ಅರ್ಧ ಹಣ, ಲಾರಿಗೆ ತುಂಬುವ ಮುನ್ನ ಉಳಿದದ್ದರ ಬಹುಪಾಲು. ಬ್ಯಾಂಕಿಗೆ ಬಂದು ಕೇಳಿದಾಗ ಅಧಿಕಾರಿಗಳು ಹೇಳಿದ್ದು ಒಂದೇ ಮಾತು: "ಯಜಮಾನರೇ, ನಿಮ್ಮ ಸೈಟಿನ ಮೇಲೆ ಏನು ಎದ್ದು ನಿಂತಿದೆಯೋ ಅದಕ್ಕೆ ನಾವು ಹಣ ಕೊಡಬಹುದು. ಇನ್ನೊಬ್ಬರ ಕಾರ್ಖಾನೆಯಲ್ಲಿ ಮಲಗಿರುವ ಗೋಡೆಗೆ ಹೇಗೆ ಕೊಡೋಣ?"

ಅಧಿಕಾರಿಗಳ ಮಾತು ಒರಟಾಗಿ ಕೇಳಿದರೂ ಅದರ ಹಿಂದೆ ಕಾನೂನಿದೆ. ಗೃಹಸಾಲವೆಂದರೆ ಸ್ಥಿರಾಸ್ತಿಯ ಅಡಮಾನದ ಮೇಲಿನ ಸಾಲ. 1882ರ ಆಸ್ತಿ ವರ್ಗಾವಣೆ ಕಾಯಿದೆಯ ಪ್ರಕಾರ ಭೂಮಿಯಲ್ಲಿ ಬೇರೂರಿದ್ದು, ಗೋಡೆಯಂತೆ ಭೂಮಿಯಲ್ಲಿ ಹುದುಗಿದ್ದು, ಅಥವಾ ಹಾಗೆ ಹುದುಗಿದ್ದಕ್ಕೆ ಶಾಶ್ವತ ಉಪಯೋಗಕ್ಕಾಗಿ ಬಿಗಿದದ್ದು ಮಾತ್ರ ಭೂಮಿಗೆ ಅಂಟಿದ ವಸ್ತು. (ಅದೇ ಕಾಯಿದೆಯಲ್ಲಿ, ಕಡಿಯಲೆಂದೇ ನಿಂತ ಮರ ಮತ್ತು ಹೊಲದಲ್ಲಿರುವ ಬೆಳೆ ಸ್ಥಿರಾಸ್ತಿಯಲ್ಲ! ಕಡಿತಕ್ಕೆ ಮಾರಿದ ನಮ್ಮ ಸಿಲ್ವರ್ ಓಕ್ ಕಾನೂನಿನ ಕಣ್ಣಿಗೆ ಆಗಲೇ ಲಾರಿ ಹತ್ತಿದಂತೆ.) ಆದಕಾರಣ ಕಾರ್ಖಾನೆಯಲ್ಲಿರುವ ಮನೆ ಚರಾಸ್ತಿ; ಪಾಯದ ಮೇಲೆ ಬೋಲ್ಟು ಬಿಗಿದ ಮೇಲೆ ಅದೇ ಮನೆ ಸ್ಥಿರಾಸ್ತಿ. ಗಾಲಿಯ ಮೇಲೆ ಬಂದು ನಿಲ್ಲುವ ಮನೆಗಳು ಬಹಳವಿರುವ ಅಮೆರಿಕದಲ್ಲಿಯೂ ಇದೇ ಭೇದವಿದೆ. ನೆಲ ಸ್ವಂತದ್ದಲ್ಲದವರಿಗೆ ಅಲ್ಲಿ ಸಿಗುವುದು ಹೆಚ್ಚಾಗಿ ವಾಹನಕ್ಕೆ ಕೊಡುವಂಥ ಸಾಲ, ಬಡ್ಡಿಯೂ ಹೆಚ್ಚು.

ಪಾಯ ಮೊದಲು

ಸ್ವಂತ ನಿವೇಶನದಲ್ಲಿ ಮನೆ ಕಟ್ಟುವವರಿಗೆ ಬ್ಯಾಂಕು ಸಾಲವನ್ನು ಒಂದೇ ಸಲಕ್ಕೆ ಕೊಡುವುದಿಲ್ಲ. ಪಾಯ, ಲಿಂಟಲ್, ಆರ್‌.ಸಿ.ಸಿ., ಕೊನೆಯ ಕೆಲಸ, ಹೀಗೆ ಹಂತ ಹಂತವಾಗಿ, ಎಂಜಿನಿಯರರ ವರದಿ ನೋಡಿ ಬಿಡುಗಡೆ ಮಾಡುತ್ತದೆ. ಅದಕ್ಕೂ ಮೊದಲು ಸಾಲಗಾರನ ಸ್ವಂತ ಪಾಲು ಖರ್ಚಾಗಿರಬೇಕೆಂದು ಕೇಳುತ್ತದೆ. ರಿಸರ್ವ್ ಬ್ಯಾಂಕಿನ ಮಿತಿಯಂತೆ 30 ಲಕ್ಷದವರೆಗಿನ ಸಾಲಕ್ಕೆ ಆಸ್ತಿಯ ಮೌಲ್ಯದ ಶೇ. 90ರವರೆಗೆ, 75 ಲಕ್ಷದವರೆಗೆ ಶೇ. 80, ಅದರ ಮೇಲೆ ಶೇ. 75 ಮಾತ್ರ ಕೊಡಬಹುದು. ಇದು ಮೇಲ್ಮಿತಿ. ಅಷ್ಟನ್ನೂ ಕೊಡಲೇಬೇಕೆಂಬ ನಿಯಮವಿಲ್ಲ.

ಕಾರ್ಖಾನೆ ಮನೆಯ ಹಂತಗಳು ಹೀಗಿಲ್ಲ. ಅಲ್ಲಿ ಲಿಂಟಲ್ ಎಂಬ ಹಂತವೇ ಇರುವುದಿಲ್ಲ; ಇಂದು ಬರಿ ಪಾಯ, ಬರುವ ವಾರ ಪೂರ್ತಿ ಮನೆ. ಬ್ಯಾಂಕಿನ ನಮೂನೆಗೂ ಕಾರ್ಖಾನೆಯ ಷರತ್ತಿಗೂ ತಾಳೆ ಬೀಳದೆ ನಡುವೆ ಸಿಕ್ಕಿಬೀಳುವವನು ಬೆಳೆಗಾರ. ವ್ಯಾಪಾರಿಯಿಂದ ಮುಂಗಡ ತೆಗೆದುಕೊಂಡು ಅಭ್ಯಾಸವಿರುವ ನಮಗೆ ಮುಂಗಡ ಕೊಡುವುದರಲ್ಲಿ ಅನುಭವ ಸಾಲದು ಎಂಬುದನ್ನೂ ಒಪ್ಪಿಕೊಳ್ಳಬೇಕು.

ನಮ್ಮ ಸದಸ್ಯರು ಕೊನೆಗೆ ಮಾಡಿದ್ದು ಇದು. ಆರ್ಡರನ್ನು ಒಂದು ವರ್ಷ ಮುಂದೂಡಿದರು. ಕಾಫಿ ಮಾರಿದ ಹಣದಲ್ಲಿ ನಕ್ಷೆ ಮಂಜೂರು ಮಾಡಿಸಿ, ಪಾಯವನ್ನು ಸ್ವಂತ ಖರ್ಚಿನಲ್ಲಿಯೇ ಹಾಕಿಸಿದರು. ತಮ್ಮ ಪಾಲು ನೆಲದೊಳಗೆ ಹೋಗಿದ್ದನ್ನು ಬ್ಯಾಂಕಿನ ಎಂಜಿನಿಯರರು ಕಣ್ಣಾರೆ ಕಂಡರು. ಕಾರ್ಖಾನೆಯವರ ಹತ್ತಿರ ಹೊಸದಾಗಿ ಮಾತನಾಡಿ, ಆರ್ಡರಿಗೆ ಐದನೆಯ ಒಂದು ಭಾಗ, ಸಾಮಾನು ಸೈಟಿಗೆ ಇಳಿದ ಮೇಲೆ ಒಂದು ಕಂತು, ಜೋಡಣೆ ಮುಗಿದ ಮೇಲೆ ಉಳಿದದ್ದು ಎಂದು ಬರವಣಿಗೆಯಲ್ಲಿ ಒಪ್ಪಿಸಿದರು. ಆ ಕರಾರಿನ ಪ್ರತಿ ಬ್ಯಾಂಕಿನ ಕಡತಕ್ಕೂ ಹೋಯಿತು. ಬಿಡುಗಡೆಯ ಹಂತಗಳನ್ನು ಅದರಂತೆಯೇ ಬರೆಸಿದರು. ಮೊದಲ ಕಾರ್ಖಾನೆ ಇದಕ್ಕೆ ಒಪ್ಪಲಿಲ್ಲ, ಎರಡನೆಯದು ಒಪ್ಪಿತು. ಹೀಗೆ ಒಪ್ಪದ ಕಡೆ ಆರ್ಡರು ಕೊಡಬಾರದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಸಾಮಾನು ಬಂದ ದಿನ ಇನ್ನೊಂದು ಪಾಠವಾಯಿತು. ದೊಡ್ಡ ಟ್ರೈಲರು ಅಡ್ಡರಸ್ತೆಯೊಳಗೆ ತಿರುಗಲಿಲ್ಲ. ದಕ್ಷಿಣ ಬೆಂಗಳೂರಿನ ಹಳೆಯ ಬಡಾವಣೆಗಳ ಸೊಗಸೇ ಸಾಲುಮರ. ಆ ಕೊಂಬೆಗಳೂ ವಿದ್ಯುತ್ ತಂತಿಗಳೂ ಕ್ರೇನಿನ ಕೈಗೆ ಅಡ್ಡ. ಮುಖ್ಯರಸ್ತೆಯಲ್ಲಿ ಇಳಿಸಿ, ಸಣ್ಣ ಲಾರಿಗಳಿಗೆ ತುಂಬಿ, ರಾತ್ರಿ ಹೊತ್ತು ಸಾಗಿಸಿದರು. ಆ ಖರ್ಚು ಯಾರದೆಂದು ಕರಾರಿನಲ್ಲಿ ಬರೆದಿರಲಿಲ್ಲ, ಸದಸ್ಯರೇ ತೆತ್ತರು. ಸಾಗಾಣಿಕೆ, ಕ್ರೇನು, ಜಿ.ಎಸ್.ಟಿ. ಇವು ಹೇಳಿದ ದರದಲ್ಲಿ ಸೇರಿವೆಯೋ ಇಲ್ಲವೋ ಮೊದಲೇ ಬರೆಸಿಕೊಳ್ಳಿ. ಅಂದಾಜು ಪಟ್ಟಿಯಲ್ಲಿಲ್ಲದ ಖರ್ಚಿಗೆ ಬ್ಯಾಂಕು ಆಮೇಲೆ ಸಾಲ ಹೆಚ್ಚಿಸುವುದಿಲ್ಲ.

ನೆಲದ ಕಾಗದ

ಮನೆ ಇಟ್ಟಿಗೆಯದಾಗಲಿ ಉಕ್ಕಿನದಾಗಲಿ, ಬ್ಯಾಂಕಿನ ವಕೀಲರು ನೋಡುವುದು ನೆಲದ ಕಾಗದವನ್ನು. ಜಯನಗರಕ್ಕೆ 1948ರಲ್ಲಿ ಶಂಕುಸ್ಥಾಪನೆಯಾದಾಗ ಇದ್ದದ್ದು 1945ರ ನಗರ ಸುಧಾರಣಾ ಮಂಡಳಿ. 1976ರಲ್ಲಿ ಅದರ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂತು. ಪ್ರಾಧಿಕಾರ ಹಂಚಿದ ನಿವೇಶನಗಳಿಗೆ ಮೊದಲು ಸಿಗುತ್ತಿದ್ದುದು ಹತ್ತು ವರ್ಷದ ಗುತ್ತಿಗೆ-ಮತ್ತು-ಮಾರಾಟ ಕರಾರು. ಅವಧಿ ಮುಗಿದ ಮೇಲೆ ಶುದ್ಧ ಕ್ರಯಪತ್ರ ಮಾಡಿಸಿಕೊಳ್ಳಬೇಕಿತ್ತು. ಹಂಚಿಕೆ ಪತ್ರ ಮತ್ತು ಸ್ವಾಧೀನ ಪತ್ರವನ್ನು ಪೆಟ್ಟಿಗೆಯಲ್ಲಿಟ್ಟು, ಕ್ರಯಪತ್ರ ಮಾಡಿಸದೆಯೇ ತೀರಿಹೋದ ತಂದೆಯವರು ಎಷ್ಟೋ ಮಂದಿ. ಈಗ ಮಕ್ಕಳು ಸಾಲ ಕೇಳಬೇಕಾದರೆ ವಂಶವೃಕ್ಷ, ಎಲ್ಲ ವಾರಸುದಾರರ ಒಪ್ಪಿಗೆ, ಹಕ್ಕುಬಿಡುಗಡೆ ಅಥವಾ ವಿಭಾಗಪತ್ರ ಬೇಕು. ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿಯೂ ಬೇಕು. ಕೇಳಲು ಸಂಕೋಚಪಡುವ ಸದಸ್ಯರಿಗೆ ಹೇಳುವುದೆಂದರೆ, ಅದು ಅವರ ಹಕ್ಕು. ಮನೆಯ ಆರ್ಡರಿಗೆ ಮೊದಲು ಅವರ ಮನೆಗೆ ಹೋಗಿ ಬನ್ನಿ.

ಬಡಾವಣೆಯ ಹೆಸರು ಕೇಳಿ ಮರುಳಾಗುವುದೂ ಉಂಟು. ಜೆ.ಪಿ. ನಗರ, ಬನಶಂಕರಿ ಎಂಬ ವಿಳಾಸವಿದ್ದ ಮಾತ್ರಕ್ಕೆ ಎಲ್ಲವೂ ಪ್ರಾಧಿಕಾರದ ನಿವೇಶನಗಳಲ್ಲ. ಬೊಮ್ಮನಹಳ್ಳಿ ಸೇರಿದಂತೆ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು 110 ಹಳ್ಳಿಗಳು 2007ರಲ್ಲಿ ಬೃಹತ್ ಮಹಾನಗರ ಪಾಲಿಕೆಗೆ ಸೇರಿದಾಗ, ಪರಿವರ್ತನೆಯಿಲ್ಲದ ಜಮೀನಿನಲ್ಲಿ ಎದ್ದ ಬಡಾವಣೆಗಳೂ ಜೊತೆಗೆ ಬಂದವು. ಅಂಥವುಗಳಿಂದ ತೆರಿಗೆ ವಸೂಲು ಮಾಡಲು ಇಟ್ಟ ಪುಸ್ತಕವೇ 'ಬಿ' ಖಾತೆ. 2025ರಲ್ಲಿ ಆ ಪಾಲಿಕೆಯ ಬದಲು ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರಪಾಲಿಕೆಗಳು ಬಂದಿವೆ. 2024ರ ಅಕ್ಟೋಬರಿನಿಂದ ನೋಂದಣಿಗೆ ಇ-ಖಾತೆಯೂ ಕಡ್ಡಾಯವಾಗಿದೆ. ಆದರೂ ಖಾತೆ ಎಂಬುದು ತೆರಿಗೆಯ ದಾಖಲೆಯೇ ಹೊರತು ಒಡೆತನದ ಪತ್ರವಲ್ಲ. 'ಬಿ' ಖಾತೆಯ ಆಸ್ತಿಗೆ ಸಾಲ ಕೊಡಲು ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಹಿಂಜರಿಯುತ್ತವೆ. ಕೊಡುವ ಕೆಲವು ಖಾಸಗಿ ಹಣಕಾಸು ಸಂಸ್ಥೆಗಳ ಬಡ್ಡಿ ಹೆಚ್ಚು.

ಕಾರ್ಖಾನೆಯ ಮನೆಗೆ ನಕ್ಷೆ ಬೇಡವೆಂದು ಮಾರಾಟಗಾರರು ಹೇಳಿದರೆ ನಂಬಬೇಡಿ. ನಿವೇಶನದಲ್ಲಿ ನಿಲ್ಲುವ ಯಾವ ವಾಸದ ಮನೆಗೂ ಮಂಜೂರಾದ ನಕ್ಷೆ ಬೇಕು. ಬ್ಯಾಂಕುಗಳು ಕಟ್ಟಡದ ವಾಸಯೋಗ್ಯ ಪ್ರಮಾಣಪತ್ರವನ್ನು ನೋಡಿಯೇ ಸಾಲ ಕೊಡಬೇಕೆಂದು ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ಹೇಳಿದ ಮೇಲೆ ಬಿಗಿ ಹೆಚ್ಚಾಗಿದೆ. 1200 ಚದರ ಅಡಿಯೊಳಗಿನ ನಿವೇಶನದ ಸಣ್ಣ ಮನೆಗಳಿಗೆ ಆ ಪ್ರಮಾಣಪತ್ರದಿಂದ ರಾಜ್ಯ ಸರ್ಕಾರ 2025ರಲ್ಲಿ ವಿನಾಯಿತಿ ಕೊಟ್ಟಿದೆಯಾದರೂ ನಕ್ಷೆಯಿಂದ ವಿನಾಯಿತಿ ಇಲ್ಲ.

ವರ್ಷಕ್ಕೊಮ್ಮೆ ಆದಾಯ, ತಿಂಗಳಿಗೊಮ್ಮೆ ಕಂತು

ಸಂಬಳದವರು ಸಂಬಳದ ಚೀಟಿ ತೋರಿಸುತ್ತಾರೆ. ನಾವೇನು ತೋರಿಸಬೇಕು? ಕಾಫಿ ಮಂಡಳಿಯ ಪೂಲ್ ಇದ್ದಾಗ ಮಂಡಳಿಯ ಪಾವತಿ ಚೀಟಿಯಾದರೂ ಇತ್ತು. 1990ರ ದಶಕದಲ್ಲಿ ಅದು ಮುಗಿಯಿತು. ಕಣದಲ್ಲಿಯೇ ನಗದಿಗೆ ಚೆರ್ರಿ ಅಳೆದುಕೊಟ್ಟವರ ಆದಾಯ ಬ್ಯಾಂಕಿನ ಲೆಕ್ಕದಲ್ಲಿ ಸೊನ್ನೆ. ಪಹಣಿ, ಕ್ಯೂರಿಂಗ್ ವರ್ಕ್ಸ್‌ನ ರಸೀದಿ, ಕ್ಯಾಂಪ್ಕೊ ಅಥವಾ ಮ್ಯಾಮ್ಕೋಸ್‌ನಂಥ ಸಹಕಾರ ಸಂಘದ ಮಾರಾಟ ಪಟ್ಟಿ, ಆ ಹಣ ಜಮೆಯಾದ ಪಾಸ್‌ಬುಕ್ಕು, ಇಷ್ಟು ಮೂರು ನಾಲ್ಕು ವರ್ಷದ್ದು ಒಟ್ಟಿಗಿದ್ದರೆ ಮಾತು ಬೇರೆ. ನೌಕರಿಯಲ್ಲಿರುವ ಮಗ ಅಥವಾ ಮಗಳನ್ನು ಜಂಟಿ ಸಾಲಗಾರರನ್ನಾಗಿ ಸೇರಿಸುವುದರಿಂದಲೂ ಅನುಕೂಲವಾಗುತ್ತದೆ. ನಮ್ಮ ಜಿಲ್ಲಾ ಸಹಕಾರಿ ಬ್ಯಾಂಕುಗಳನ್ನೂ ಮರೆಯಬಾರದು. ಅವು ಒಬ್ಬರಿಗೆ ಕೊಡಬಹುದಾದ ಗೃಹಸಾಲದ ಮಿತಿಯನ್ನು ರಿಸರ್ವ್ ಬ್ಯಾಂಕು 2022ರಲ್ಲಿ, ಬ್ಯಾಂಕಿನ ಗಾತ್ರ ನೋಡಿಕೊಂಡು, 50 ಮತ್ತು 75 ಲಕ್ಷಕ್ಕೆ ಏರಿಸಿತು.

ಒಂದು ಲೆಕ್ಕ ನೋಡಿ. 25 ಲಕ್ಷ ಸಾಲ, ಶೇ. 8.5 ಬಡ್ಡಿ, 20 ವರ್ಷ ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು 21,700 ರೂಪಾಯಿ. ಕೊನೆಗೆ ಕಟ್ಟಿದ ಮೊತ್ತ 52 ಲಕ್ಷ. ಅದೇ ಕಂತಿನ ಜೊತೆಗೆ ಪ್ರತಿ ವರ್ಷ ಬೆಳೆ ಮಾರಿದಾಗ ಒಂದು ಲಕ್ಷ ಹೆಚ್ಚುವರಿ ಅಸಲಿಗೆ ಕಟ್ಟುತ್ತ ಬಂದರೆ ಸಾಲ 11 ವರ್ಷದೊಳಗೆ ತೀರುತ್ತದೆ. ಏರಿಳಿಯುವ ಬಡ್ಡಿಯ ಗೃಹಸಾಲಕ್ಕೆ ಅವಧಿಗೆ ಮುಂಚೆ ಕಟ್ಟಿದರೆ ಬ್ಯಾಂಕುಗಳು ದಂಡ ಹಾಕುವಂತಿಲ್ಲವೆಂಬ ನಿಯಮ 2012ರಿಂದ ಇದೆ. ಮಳೆಗಾಲದ ತಿಂಗಳುಗಳು ಮಾತ್ರ ಕಷ್ಟದವು. ಗೊಬ್ಬರ, ಬೋರ್ಡೋ ಸಿಂಪರಣೆ, ಶಾಲೆಯ ಶುಲ್ಕ ಎಲ್ಲವೂ ಆಗಲೇ ಬರುತ್ತವೆ. ಆರು ಕಂತಿನ ಹಣವನ್ನು ಮಾರ್ಚಿಯಲ್ಲಿಯೇ ಬೇರೆ ಎತ್ತಿಡಲಾಗದವರು ಸಾಲದ ಮೊತ್ತ ಇಳಿಸಿಕೊಳ್ಳುವುದೇ ಲೇಸು.

ಈಗ ಮುಖ್ಯ ವಿಷಯ. ನಮ್ಮ ಸದಸ್ಯರಿಗೆ ಮೊದಲ ಸಲ ಬ್ಯಾಂಕಿನಲ್ಲಿ ಆಗದಿದ್ದಾಗ, ತೋಟದ ಕಾಗದ ಕೊಟ್ಟರೆ ವಾರದಲ್ಲಿ ಹಣ ಕೊಡಿಸುತ್ತೇನೆಂದು ದಲ್ಲಾಳಿಯೊಬ್ಬರು ಮನೆಗೇ ಬಂದಿದ್ದರು. ಸದಸ್ಯರ ಮನಸ್ಸು ಒಲಿದಿತ್ತು. ಅವರ ಮನೆಯವರು ಪಹಣಿಯ ಚೀಲವನ್ನೇ ಎತ್ತಿಟ್ಟರಂತೆ. ಕೃಷಿ ಜಮೀನಿನ ಭದ್ರತೆಗೆ 2002ರ ಸರ್ಫೇಸಿ ಕಾಯಿದೆ ಅನ್ವಯಿಸದೆಂದು ಅದರ 31ನೇ ಕಲಮು ಹೇಳುತ್ತದೆ. ಆದರೆ ಕಾಫಿ ತೋಟ ಆ ರಕ್ಷಣೆಯೊಳಗೆ ಬರುತ್ತದೆಯೇ ಎಂಬುದೇ ವಿವಾದವಾಗಿ, ಸಾಲಕ್ಕೆ ತೋಟಗಳನ್ನು ಹರಾಜಿಗಿಟ್ಟಾಗ ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರು ಪ್ರತಿಭಟಿಸಿದ್ದನ್ನು ನಾವೆಲ್ಲ ಕಂಡಿದ್ದೇವೆ. ಬೆಳೆಸಾಲವನ್ನು ಬೆಂಗಳೂರಿನ ಗೋಡೆಗೆ ಸುರಿಯುವುದೂ ಇದೇ ಜಾತಿಯ ಕೆಲಸ. ಬೆಂಗಳೂರಿನ ನಿವೇಶನ ತನ್ನ ಸಾಲವನ್ನು ತಾನೇ ಹೊರಲಾರದೆಂದು ಬ್ಯಾಂಕು ಹೇಳಿದರೆ, ಆ ಹೊರೆಯನ್ನು ತೋಟದ ಮೇಲೆ ಇಳಿಸಬಾರದು.

ನಮ್ಮ ಸದಸ್ಯರ ಮಗಳು ಈಗ ಆ ಮನೆಯಲ್ಲಿದ್ದಾಳೆ. ಮಳೆ ಬಂದಾಗ ಚಾವಣಿಯ ಸದ್ದು ಊರಿನ ಲೈನ್ ಮನೆಯಂತೆಯೇ ಕೇಳುತ್ತದಂತೆ.

ಸಾಲಕ್ಕೆ ಮೂಲಪತ್ರ ಒಪ್ಪಿಸುವ ಮುನ್ನ ಎಲ್ಲ ಪುಟಗಳ ನಕಲು ಮಾಡಿಸಿ, ಬ್ಯಾಂಕಿನಿಂದ ಪತ್ರಗಳ ಪಟ್ಟಿಗೆ ಸಹಿ ಪಡೆಯಿರಿ. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮೂಲಪತ್ರ ಹಿಂತಿರುಗಿಸದೆ ತನ್ನಿಂದಲೇ ವಿಳಂಬವಾದರೆ ಬ್ಯಾಂಕು ದಿನಕ್ಕೆ 5000 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಹಿಂದಿನ ವರ್ಷಗಳ ಮಾರಾಟ ಪಟ್ಟಿ ಬೇಕಾದ ಸದಸ್ಯರು ಸದಸ್ಯತ್ವದ ಸಂಖ್ಯೆಯೊಡನೆ ಸಂಘದ ಕಚೇರಿಗೆ ಬರೆದು ಕೇಳಬಹುದು. ಕೊಯ್ಲಿನ ಗಡಿಬಿಡಿಗೆ ಮುಂಚೆ ಕೇಳಿದರೆ ಗುಮಾಸ್ತರಿಗೂ ಅನುಕೂಲ.